ಸಾಲ್ಕಿನ್ ಆಡದ ಮಾತು

ಬಿಷ್ಕೆಕ್ಕಿನ ಪೂರ್ವದ ಅಂಚಿನಲ್ಲಿರುವ ನಮ್ಮ ಕರೆಂಟ್ ಬಸ್ ಡಿಪೋದಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಮಾತು ಒಂದೇ: ತೊಕ್. ಕರೆಂಟಿಗೂ ತೊಕ್ ಅನ್ನುತ್ತೇವೆ, ಹೊಟ್ಟೆ ತುಂಬಿದ್ದಕ್ಕೂ ತೊಕ್ ಅನ್ನುತ್ತೇವೆ. ಕುದುರೆ ಮೇಯಿಸಿದವರ ಮಕ್ಕಳು ನಾವು. ಬ್ಯಾಟರಿ ತುಂಬಿದ ಬಸ್ಸೂ ನಮ್ಮ ಲೆಕ್ಕಕ್ಕೆ ಮೇದು ತೊಕ್ ಆದದ್ದೇ. ಇನ್ನು ಹಿಂದಕ್ಕೆ ಬರುವ ಬಸ್ಸನ್ನು ನಿಲ್ಲಿಸಬೇಕಾದರೆ ತೊಕ್ತೊ ಅಂತ ಕೂಗುತ್ತೇವೆ, ನಿಲ್ಲು ಅಂತ. ಬೆಳಗಿನಿಂದ ಸಂಜೆಯವರೆಗೆ ಅಂಗಳದಲ್ಲಿ ತೊಕ್ತೊ, ತೊಕ್ತೊ ಅಂತ ಯಾರಾದರೊಬ್ಬರು ಗಂಟಲು ಹರಿದುಕೊಳ್ಳುತ್ತಲೇ ಇರುತ್ತಾರೆ. ಇಂಥ ಜಾಗದಲ್ಲಿ ಬಸ್ಸುಗಳಿಗೆ ಕರೆಂಟು ಹಂಚುವ ಕೆಲಸ ಮಾಡುವ ಹೆಂಗಸು ಮೂವತ್ತು ವರ್ಷದಿಂದ ಆ ಸದ್ದನ್ನೇ ಬಾಯಿಗೆ ತಂದಿಲ್ಲ ಅಂದರೆ ಯಾರು ನಂಬುತ್ತಾರೆ?

ಅವಳ ಹೆಸರು ಸಾಲ್ಕಿನ್. ಐವತ್ತರ ಹೊಸ್ತಿಲಲ್ಲಿರುವ ವಿಧವೆ. ಕಾರಣ ಹೇಳಿದರೆ ಈಗಿನ ಹುಡುಗಿಯರು ಕಿಸಕ್ಕನೆ ನಗುತ್ತಾರೆ. ನಗಲಿ ಬಿಡಿ, ನಗುವುದಕ್ಕೇನು ಸುಂಕವೇ? ಸೊಸೆಯಾಗಿ ಬಂದವಳು ಗಂಡನ ಅಣ್ಣನ ಹೆಸರು ಹೇಳಬಾರದು. ಹೆಸರಷ್ಟೇ ಅಲ್ಲ, ಆ ಹೆಸರಿನ ಸದ್ದು ಬರುವ ಮಾತನ್ನೂ ಆಡಬಾರದು. ಅವಳ ಭಾವನ ಹೆಸರು ತೊಕ್ತೊಸುನ್. ನಾನು ಆ ಮನೆಯ ಸೊಸೆಯಲ್ಲ, ಹಾಗಾಗಿ ಹೇಳುತ್ತಿದ್ದೇನೆ. ಅವಳಿಗೆ ಮಾತ್ರ ತೊಕ್ ಅನ್ನುವ ಹಾಗಿಲ್ಲ, ತೊಕ್ತೊ ಅನ್ನುವ ಹಾಗೂ ಇಲ್ಲ. ಕರೆಂಟಿಗೆ ಅವಳು ಬೆಳಕು ಅಂದಳು, ಬ್ಯಾಟರಿ ತುಂಬಿದ್ದಕ್ಕೆ ಉಂಡಾಯ್ತು ಅಂದಳು, ನಿಲ್ಲು ಅನ್ನಬೇಕಾದಲ್ಲಿ ತಾಳು ಅಂದಳು. ಹೇಗೋ ಸಂಸಾರ ಸಾಗಿತು.

ಆ ಹೆಸರು ಕೂಡ ಸುಮ್ಮನೆ ಇಟ್ಟದ್ದಲ್ಲ. ಅತ್ತೆ ಮೂರು ಕೂಸುಗಳನ್ನು ಒಂದರ ಹಿಂದೊಂದು ಮಣ್ಣು ಮಾಡಿದವರು. ನಾಲ್ಕನೆಯದು ಹುಟ್ಟಿದಾಗ ತೊಕ್ತೊಸುನ್ ಅಂತ ಹೆಸರಿಟ್ಟರು: ನಿಲ್ಲಲಿ, ಇದಾದರೂ ನಿಲ್ಲಲಿ. ನಿಂತಿತು. ಆಮೇಲೆ ಹುಟ್ಟಿದವನು ಎಸೆನ್, ಸಾಲ್ಕಿನ್‌ನ ಗಂಡ. ಆರು ವರ್ಷದ ಹಿಂದೆ ಎದೆ ಹಿಡಿದುಕೊಂಡು ಗೋಡೆಗೊರಗಿದ ಎಸೆನ್ ಮತ್ತೆ ಏಳಲಿಲ್ಲ. ಈಗ ಮುದುಕಿಗೆ ಉಳಿದಿರುವುದು ತೊಕ್ತೊಸುನ್ ಒಬ್ಬನೇ. ಅವನಿಗೂ ಕೆಲಸ ಇದೇ ಡಿಪೋದಲ್ಲಿ, ಮನೆ ಮಾತ್ರ ಬೇರೆ. ಮುದುಕಿ ಇರುವುದು ನಮ್ಮ ವಾಡಿಕೆಯಂತೆ ಕಿರಿಮಗನ ಮನೆಯಲ್ಲಿ, ಅಂದರೆ ಸಾಲ್ಕಿನ್ ಜೊತೆ. ದಿನಾ ಬೆಳಗ್ಗೆ ಅವಳು ಬೂಟು ಹಾಕಿಕೊಳ್ಳುವಾಗ ಮೂಲೆಯಿಂದ ಅದೇ ಮಾತು.

"ಕೆಲಿನ್, ಅವನನ್ನ ನೋಡ್ಕೊಳೇ. ನಿನ್ನ ಕಣ್ಣಳತೇಲೇ ಇರ್ಲಿ."

ಕೆಲಿನ್ ಅಂದರೆ ಸೊಸೆ, ಎನೆ ಅಂದರೆ ಅಮ್ಮ. ಅವಳು "ಆಗ್ಲಿ, ಎನೆ" ಅನ್ನುತ್ತಾಳೆ. ಅನ್ನುವಾಗ ಬೂಟಿನ ಮೇಲಿಂದ ಕಣ್ಣೆತ್ತುವುದಿಲ್ಲ. ಯಾಕೆಂದರೆ ಅವಳೊಮ್ಮೆ ತಪ್ಪಿದ್ದಾಳೆ.

ಮದುವೆಯಾದ ಮೊದಲ ಬೇಸಿಗೆ. ಬೆಟ್ಟದ ಹುಲ್ಲುಗಾವಲಿನಲ್ಲಿ ಗುಡಾರ ಹಾಕಿದ್ದರು. ಒಂದು ಕರು ಕಮರಿಯ ಕಡೆಗೆ ಓಡಿತು. ಇನ್ನೂ ಮದುವಣಗಿತ್ತಿಯ ಬಿಳಿ ವಸ್ತ್ರ ತಲೆಯ ಮೇಲಿದ್ದ ಹುಡುಗಿ, ಹಿಂದೆಮುಂದೆ ನೋಡದೆ "ತೊಕ್ತೊ!" ಅಂತ ಕೂಗಿಬಿಟ್ಟಳು. ಕರು ನಿಂತಿತು. ಅದೇ ಸಂಜೆ ಭಾವನನ್ನು ಕುದುರೆಯ ಮೇಲೆ ಅಡ್ಡ ಹಾಕಿಕೊಂಡು ತಂದರು. ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಅತ್ತೆ ಬೈಯಲಿಲ್ಲ. ಕೈಯಲ್ಲಿದ್ದ ಚಹಾದ ಕೆಟಲನ್ನು ಕೆಳಗಿಟ್ಟು ಸೊಸೆಯ ಮುಖವನ್ನೇ ನೋಡಿದರು. ಬೈದಿದ್ದರೆ ಅತ್ತು ಮರೆಯುತ್ತಿದ್ದಳು. ಆ ನೋಟ ಒಳಗೆ ಹೊಕ್ಕದ್ದು ಮತ್ತೆ ಹೊರಗೆ ಬರಲಿಲ್ಲ. ಭಾವ ಕುಂಟುತ್ತಾ ನಡೆಯುವುದನ್ನು ಕಂಡಾಗಲೆಲ್ಲ ಅವಳ ನಾಲಿಗೆ ಒಣಗುತ್ತದೆ. ತನ್ನ ಬಾಯಿಂದಲೇ ಅದಾಯಿತು ಅಂತ ಅವಳ ನಂಬಿಕೆ. ಅಲ್ಲ ಅನ್ನುವುದಕ್ಕೆ ನಾನ್ಯಾರು?

ಎಸೆನ್ ಹೋದ ಮೇಲೆ ಅವಳನ್ನು ಡಿಪೋಗೆ ಕರೆತಂದವನೂ ಆ ಭಾವನೇ. ಅವನು, ಬಸ್ಸುಗಳು ತಲೆ ಮೇಲಿನ ತಂತಿ ಹಿಡಿದು ಓಡುತ್ತಿದ್ದ ಟ್ರಾಲಿಬಸ್ಸಿನ ಕಾಲದ ಎಲೆಕ್ಟ್ರಿಷಿಯನ್. ಮೊದಲು ಟಿಕೆಟ್ ಕೊಡುತ್ತಿದ್ದಳು, ಈಗ ಮಹಡಿಯ ಗಾಜಿನ ಕೋಣೆಯಲ್ಲಿ ಕೂರುತ್ತಾಳೆ. ಯಾವ ಬಸ್ಸು ಯಾವ ಚಾರ್ಜರಿಗೆ, ಯಾವುದಕ್ಕೆ ಮೊದಲು, ಎಷ್ಟು ಹೊತ್ತು ಅಂತ ವಾಕಿಟಾಕಿಯಲ್ಲಿ ಹೇಳುವುದು ಅವಳ ಕೆಲಸ. ಕೇಳುವುದಕ್ಕೆ ಸಲೀಸು, ಚಳಿಗಾಲದಲ್ಲಿ ಮಾಡಿ ನೋಡಬೇಕು. ಬಸ್ಸಿನೊಳಗಿನ ಹೀಟರೇ ಅರ್ಧ ಬ್ಯಾಟರಿ ನುಂಗುತ್ತದೆ. ಬೆಳಗ್ಗೆ ಮೆರೆಯುತ್ತಾ ಹೋದದ್ದು ಮಧ್ಯಾಹ್ನಕ್ಕೆ ಬಾಲ ಮುದುರಿಕೊಂಡು ವಾಪಸ್ಸು. ಚಳಿಗೆ ಸೆಟೆದ ಬ್ಯಾಟರಿ ಬೇಗ ಕರೆಂಟು ಎಳೆದುಕೊಳ್ಳುವುದಿಲ್ಲ. ಎಲ್ಲ ಚಾರ್ಜರುಗಳನ್ನೂ ಒಟ್ಟಿಗೆ ಜೋರು ಮಾಡಿದರೆ ಇಡೀ ಡಿಪೋ ಟ್ರಿಪ್ ಆಗುತ್ತದೆ. ಸಂಜೆ ಐದಾದರೆ ಊರಿನ ಮನೆಗಳಿಗೆ ಬೇಕು ಅಂತ ನಮ್ಮ ಪಾಲನ್ನು ಕತ್ತರಿಸುತ್ತಾರೆ. ಅಷ್ಟರೊಳಗೆ ದೂರದ ರೂಟಿನವಕ್ಕೆ ಮೊದಲು, ಬಿಡುವಿರುವವಕ್ಕೆ ಆಮೇಲೆ ಅಂತ ಹಂಚಬೇಕು. ಲೆಕ್ಕ ತಪ್ಪಿದರೆ ಜನ ತುಂಬಿದ ಬಸ್ಸು ಹಿಮದಲ್ಲಿ ನಡುಬೀದಿಯಲ್ಲೇ ನಿಲ್ಲುತ್ತದೆ. ಅದು ಅವಳ ಒಂದು ಭಯ. ಇನ್ನೊಂದು ಭಯ ಅಂಗಳದಲ್ಲಿ ಕುಂಟುತ್ತಾ ತಿರುಗುತ್ತಿರುತ್ತದೆ.

ಡ್ರೈವರುಗಳಿಗೆ ಅವಳ ಮಾತೇ ಒಂದು ಮೋಜು. ಅದರಲ್ಲೂ ಕಾಚಿಬೆಕ್ ಅನ್ನುವವನಿಗೆ ತಿಂದ ಅನ್ನ ಕರಗುವುದೇ ಅವಳನ್ನು ಕೆಣಕಿದಾಗ. ಎಜೆ, ಅಂದರೆ ಅಕ್ಕ, ಅಂತಲೇ ಶುರುಮಾಡುತ್ತಾನೆ.

"ಎಜೆ, ನನ್ ಬಸ್ಸು ಹೇಗಿದೆ? ಒಂದೇ ಮಾತಲ್ಲಿ ಹೇಳ್ಬಿಡಿ, ಪುಣ್ಯ ಬರುತ್ತೆ."

"ಉಂಡಾಯ್ತು. ತಗೊಂಡು ಹೊರಡು."

"ಏನ್ ಉಂಡ್ತು ಎಜೆ? ಹಿಟ್ಟಿನುಂಡೆನಾ, ಕುರಿ ಮಾಂಸನಾ?"

"ನಿನ್ನ ತಲೆ ಉಂಡ್ತು. ಒಳಗೇನೂ ಸಿಗ್ಲಿಲ್ಲ ಅಂತ ಉಗಿದು ಹಾಕ್ತು, ನೋಡ್ಕೋ ಅಲ್ಲೇ ಬಿದ್ದಿರ್ಬೇಕು."

ವಾಕಿಟಾಕಿ ಹಿಡಿದವರೆಲ್ಲ ಗೊಳ್ಳೆನ್ನುತ್ತಾರೆ. ತೊಕ್ತೊಸುನ್ ಮಾತ್ರ ನಗುವುದಿಲ್ಲ, ಸಿಟ್ಟೂ ಆಗುವುದಿಲ್ಲ. ತನ್ನ ಹೆಸರಿಗೆ ಒಬ್ಬಳು ಇಷ್ಟು ಕಷ್ಟಪಡುತ್ತಾಳಲ್ಲ ಅಂತ ಅವನಿಗೆ ಒಳಗೊಳಗೇ ಸಂಕೋಚ. ಡಿಪೋಗೆ ಬಂದ ಹೊಸದರಲ್ಲಿ ಯಾರೋ ಬಸ್ಸಿಗೆ ತೊಕ್ತೊ ಅಂದರೂ ತನ್ನನ್ನೇ ಕರೆದರೆಂದು ತಿರುಗುತ್ತಿದ್ದನಂತೆ. ಜನ ನಕ್ಕು ನಕ್ಕು ಅವನು ತಿರುಗುವುದನ್ನೇ ಬಿಟ್ಟ. ಈಗ ಆ ಕೂಗು ಅವನ ಕಿವಿಯ ಮೇಲೆ ಬಿದ್ದರೂ ಒಳಗೆ ಹೋಗುವುದಿಲ್ಲ.

ಆ ದಿನ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಟ್ಟಿಯಾಗುವಂಥ ಚಳಿ. ಊರಿನ ಒಲೆಗಳ ಕಲ್ಲಿದ್ದಲ ಹೊಗೆ ಇಳಿದು, ನಡುಮಧ್ಯಾಹ್ನದಲ್ಲೂ ಅಂಗಳದ ದೀಪ ಹಾಕಿಕೊಂಡೇ ಕೆಲಸ. ಹಸಿದ ಬಸ್ಸುಗಳು ಗೇಟಿನವರೆಗೆ ಸಾಲುಗಟ್ಟಿದ್ದವು. ಏಳನೇ ಚಾರ್ಜರು ಬೆಳಗಿನಿಂದ ಕಿಡಿ ಕಾರುತ್ತಿತ್ತು, ಒಳಗಿನ ಯಾವುದೋ ತಂತಿಯ ಕೀಲು ಸುಟ್ಟಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಗುಂಯ್ ಅನ್ನುತ್ತಿದ್ದ ಚಾರ್ಜರುಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿದವು, ದೀಪಗಳೂ ಆರಿದವು. ಸಾಲ್ಕಿನ್ ಬ್ಯಾಟರಿಯ ಮೇಲೆ ಉಳಿದಿದ್ದ ಕಂಪ್ಯೂಟರಿನ ಪರದೆ ನೋಡುತ್ತಾ ತಲೆಗೆ ಕೈ ಹಚ್ಚಿಕೊಂಡಳು. ವಾಕಿಟಾಕಿಯಲ್ಲಿ ಭಾವನ ದನಿ ಬಂತು.

"ಕೆಲಿನ್, ಹೋಗಿದ್ದು ಒಳ್ಳೇದೇ ಆಯ್ತು. ಏಳನೇದು ಬಿಚ್ತೀನಿ."

"ಸ್ವಿಚ್ ತೆಗೆದ್ರಾ, ಬೈಕೆ?" ಬೈಕೆ ಅಂದರೆ ಅಣ್ಣ. ಅವನನ್ನು ಕರೆಯಲು ಅವಳಿಗಿರುವ ಮಾತು ಅದೊಂದೇ.

"ತೆಗೆದು ಬೀಗ ಜಡಿದಿದ್ದೀನಿ, ಬೀಗದಕೈ ಜೇಬಲ್ಲಿದೆ. ಟೆಸ್ಟರ್ ಇಟ್ಟೂ ನೋಡ್ದೆ. ಸತ್ತು ಮಲಗಿದೆ."

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಏಳನೇ ಚಾರ್ಜರಿಗೆ ಕರೆಂಟು ಬರುವ ದಾರಿ ಎರಡು. ಡಿಪೋಗೆ ಬರುವ ಟ್ರಾಲಿಬಸ್ಸಿನ ಕಾಲದ ಹಳೇ ಲೈನೊಂದನ್ನು, ಆ ಸ್ವಿಚ್ಚಿಗೆ ಸಿಗದಂತೆ, ಹಿಂಬದಿಯಿಂದ ಅದಕ್ಕೂ ಜೋಡಿಸಿದ್ದರು, ಆಪತ್ತಿಗಿರಲಿ ಅಂತ. ಎಲೆ ಉದುರುವ ಕಾಲದಿಂದಲೂ ಆ ಲೈನಿನಲ್ಲಿ ಹನಿ ಕರೆಂಟು ಹರಿದಿರಲಿಲ್ಲ. ಎಲ್ಲರೂ ಮರೆತಿದ್ದರು. ಅವಸರದಲ್ಲಿ ಅವನೂ ಮರೆತ.

ಫೋನು ಹೊಡೆದುಕೊಂಡಿತು. ಸಬ್‌ಸ್ಟೇಷನ್ನಿನ ಹೆಂಗಸು ಒಂದೇ ಉಸಿರಿಗೆ, "ಹಳೇ ಲೈನಿಂದ ಕೊಟ್ಟಿದ್ದೀವಿ, ಬೇಗ ಬೇಗ ತುಂಬಿಸ್ಕೊಳ್ಳಿ" ಅಂದವಳೇ ಇಟ್ಟುಬಿಟ್ಟಳು. ಅಂಗಳದ ದೀಪಗಳು ಪಕಪಕ ಮಿನುಗಿ ಹತ್ತಿಕೊಂಡವು. ಸಾಲ್ಕಿನ್‌ಗೆ ಒಂದು ಕ್ಷಣ ಖುಷಿಯೇ ಆಯಿತು. ಮರುಕ್ಷಣ ಹಳೇ ಲೈನು ಎಲ್ಲಿಗೆ ಹೋಗುತ್ತದೆ ಅನ್ನುವುದು ನೆನಪಾಯಿತು. ಸಬ್‌ಸ್ಟೇಷನ್ನಿಗೆ ತಿರುಗಿ ಫೋನು ಹಚ್ಚಿದಳು, ಸಿಗಲಿಲ್ಲ. ಅವಳ ಮುಂದಿದ್ದ ಗುಂಡಿಗಳು ಬಸ್ಸಿಗೆ ಹೋಗುವ ಕರೆಂಟನ್ನು ನಿಲ್ಲಿಸುತ್ತವೆ. ಚಾರ್ಜರಿನೊಳಗೆ ಬಂದು ಕೂತದ್ದಕ್ಕೆ ಅವುಗಳ ಹಂಗಿಲ್ಲ. ವಾಕಿಟಾಕಿ ಎತ್ತಿಕೊಂಡಳು.

"ಬೈಕೆ, ಬೆಳಕು ಬಂತು! ಏಳಕ್ಕೂ ಬೆಳಕು ಬಂತು!"

ಏಳನೇ ಚಾರ್ಜರಿನ ನೆತ್ತಿಯ ಮೇಲೇ ಒಂದು ದೀಪದ ಕಂಬವಿದೆ. ತೊಕ್ತೊಸುನ್ ಕತ್ತೆತ್ತಿ ನೋಡಿದ. ದೀಪ ಉರಿಯುತ್ತಿತ್ತು.

"ಕಂಡೆ, ಕಂಡೆ. ಬೇಕಾಗಿತ್ತು, ಒಳಗೆ ಕಣ್ಣೇ ಕಾಣ್ತಿರ್ಲಿಲ್ಲ."

ಅಷ್ಟು ಹೇಳಿ ವಾಕಿಟಾಕಿಯನ್ನು ಪಕ್ಕದ ಬಸ್ಸಿನ ಮೆಟ್ಟಿಲ ಮೇಲಿಟ್ಟು ಚಾರ್ಜರಿನ ಬಾಗಿಲು ಅಗಲ ಮಾಡಿದ.

"ಆ ಬೆಳಕಲ್ಲ! ಬೈಕೆ, ಆ ಬೆಳಕಲ್ಲ!" ಅಂತ ಇವಳು ಅರಚಿದ್ದು ಬಸ್ಸಿನ ಮೆಟ್ಟಿಲಿಗೆ ಕೇಳಿಸಿತೇ ಹೊರತು ಅವನಿಗೆ ಕೇಳಿಸಲಿಲ್ಲ. ಗಾಜಿನಾಚೆ ಎಲ್ಲ ಕಾಣುತ್ತಿತ್ತು. ನರಿತುಪ್ಪಳದ ಟೋಪಿಯನ್ನು ಹಿಂದಕ್ಕೆ ತಳ್ಳಿಕೊಂಡ. ದಪ್ಪ ಗವಸಿನಲ್ಲಿ ಸಣ್ಣ ತಿರುಪು ಹಿಡಿಯಲಾಗುವುದಿಲ್ಲ ಅಂತ ಬಲಗೈ ಗವಸನ್ನು ಹಲ್ಲಿನಿಂದ ಎಳೆಯತೊಡಗಿದ.

ಅಯ್ಯೋ, ಮೂವತ್ತು ವರ್ಷ ಅವನ ಜೀವ ಕಾಯಲಿ ಅಂತ ಆಡಿಕೊಂಡು ಬಂದ ಬೆಳಕು ಅನ್ನುವ ಆ ಮಾತೇ ಅವನ ಕುತ್ತಿಗೆಗೆ ಬಂದಿತ್ತು. ತೊಕ್ ಅಂದಿದ್ದರೆ ಹಾರಿ ಹಿಂದೆ ಸರಿಯುತ್ತಿದ್ದ.

ಕಿಟಕಿ ಹಿಮಕ್ಕೆ ಕಚ್ಚಿಕೊಂಡಿತ್ತು. ಹೆಗಲಿನಿಂದ ಗುದ್ದಿ ಬಿಡಿಸಿದಳು. ಚಳಿ ಮುಖಕ್ಕೆ ರಾಚಿತು. "ಬೈಕೆ! ಬೈಕೆ!" ಅಂತ ಕೂಗಿದಳು. ಆ ಅಂಗಳದಲ್ಲಿ ಮೀಸೆ ಇರುವವರೆಲ್ಲ ಯಾರಿಗಾದರೂ ಬೈಕೆಯೇ. ಚಹಾ ಕುಡಿಯುತ್ತಿದ್ದವರು ತಿರುಗಿದರು, ಗೇಟಿನವನು ತಿರುಗಿದ, ಅವನೊಬ್ಬ ತಿರುಗಲಿಲ್ಲ. ಅದೇ ಹೊತ್ತಿಗೆ ಕಾಚಿಬೆಕ್ ತನ್ನ ಬಸ್ಸನ್ನು ಹಿಂದಕ್ಕೆ ತರುತ್ತಿದ್ದ, ಅವನ ಬೆನ್ನಿಗೆ ಯಾರೋ "ತೊಕ್ತೊ, ತೊಕ್ತೊ, ತೊಕ್ತೊ!" ಅಂತ ಬಾಯಿ ಬಡಿದುಕೊಳ್ಳುತ್ತಿದ್ದರು. ತೊಕ್ತೊಸುನ್ ಗವಸನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬರಿಗೈಯನ್ನು ಬಾಯಿಯ ಹಬೆಗೆ ಹಿಡಿದ.

ಅವಳಿಗೆ ಆಗ ಕಂಡದ್ದು ಕೆಟಲ್ ಕೆಳಗಿಟ್ಟು ನೋಡುತ್ತಿದ್ದ ಅತ್ತೆಯ ಮುಖ. ಕುದುರೆಯ ಮೇಲಿಂದ ಜೋತುಬಿದ್ದ ಕಾಲು. ಹೇಳಿದರೆ ಹೋಗುತ್ತಾನೆ, ಹೇಳದಿದ್ದರೂ ಹೋಗುತ್ತಾನೆ. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದಳು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು. ಅವನ ಕೈ ಬಾಯಿಯ ಹತ್ತಿರದಿಂದ ಚಾರ್ಜರಿನ ಕಡೆಗೆ ಹೊರಟಿತು.

"ತೊಕ್ತೊಸುನ್!"

ಬೈಕೆ ಇಲ್ಲ, ಗೌರವ ಇಲ್ಲ, ಬರೀ ಹೆಸರು. ಹೊಲದಾಚೆಗಿರುವ ಮಗನನ್ನು ತಾಯಿ ಕರೆಯುವ ಹಾಗೆ.

ಅವನು ಗಕ್ಕನೆ ತಿರುಗಿದ. ಇಡೀ ದೇಹ ತಿರುಗಿತು, ಚಾಚಿದ ಕೈ ಅದರ ಜೊತೆಗೇ ಹಿಂದೆ ಬಂತು. ಅವನ ಮುಖದಲ್ಲಿ ಅಪಾಯ ಕಂಡ ಗಾಬರಿ ಇರಲಿಲ್ಲ, ನಾಚಿಕೆ ಇತ್ತು. ಕಿರಿಸೊಸೆ ನಾಲ್ಕು ಜನರೆದುರು ತನ್ನ ಹೆಸರು ಹಿಡಿದು ಕರೆದಳಲ್ಲ! ಏನಾಗಿದೆ ಇವಳಿಗೆ? ಅಂಗಳದಲ್ಲಿ ದಿನಾ ನೂರು ಬಾಯಿ ಕೂಗುವ ಹೆಸರು ಅವನ ಕಿವಿಗೆ ಸವೆದುಹೋಗಿತ್ತು. ಈ ಬಾಯಿಂದ ಅದು ಬಂದದ್ದು ಇದೇ ಮೊದಲು.

"ಏನಂದೆ, ಕೆಲಿನ್?"

"ತೊಕ್!" ಅಂದಳು. ಒಡ್ಡು ಒಡೆದಿತ್ತು, ಇನ್ನು ತಡೆಯುವವರಾರು? "ಏಳರಲ್ಲಿ ತೊಕ್ ಇದೆ! ಹಳೇ ಲೈನು! ಮುಟ್ಬೇಡಿ! ತೊಕ್, ತೊಕ್!"

ಅವನು ಜೇಬಿನಿಂದ ಟೆಸ್ಟರ್ ತೆಗೆದು, ಮೈ ದೂರವಿಟ್ಟು, ತೋಳು ಮಾತ್ರ ಚಾಚಿ ಒಳಗೆ ಹಿಡಿದ. ಅದರ ಕೆಂಪು ಕಣ್ಣು ಹತ್ತಿಕೊಂಡಿತು. ಮೆಲ್ಲಗೆ ಚಾರ್ಜರಿನ ಬಾಗಿಲು ಮುಚ್ಚಿದ. ಆಮೇಲೆ ಅಲ್ಲೇ ಹಿಮದ ಮೇಲೆ, ಕುಂಟುಗಾಲನ್ನು ಮುಂದಕ್ಕೆ ಚಾಚಿಕೊಂಡು ಕುಳಿತುಬಿಟ್ಟ. ಕಾಚಿಬೆಕ್ ಬಸ್ಸಿನಿಂದಿಳಿದು ಬಂದ. ಹಿಮದಲ್ಲಿ ಬಿದ್ದಿದ್ದ ಗವಸನ್ನು ಎತ್ತಿ ತೊಕ್ತೊಸುನ್ ಕೈಗಿಟ್ಟ.

ಬಹಳ ಹೊತ್ತಿನ ಮೇಲೆ ತೊಕ್ತೊಸುನ್ ಎದ್ದು ಅವಳ ಕಿಟಕಿಯ ಕೆಳಗೆ ಬಂದು ನಿಂತ. ಮೇಲೆ ನೋಡಲಿಲ್ಲ.

"ಅಮ್ಮನಿಗೆ ಹೇಳ್ಬೇಡ," ಅಂದ.

ಉಳಿದ ಪಾಳಿಯನ್ನು ಅವಳು ಹೇಗೆ ಮುಗಿಸಿದಳೋ, ಅವಳ ದೇವರಿಗೇ ಗೊತ್ತು. ಐದರೊಳಗೆ ಬಸ್ಸುಗಳಿಗೆ ಉಣಿಸಬೇಕಿತ್ತು, ಉಣಿಸಿದಳು. ಆದರೆ ಕಣ್ಣು ಪರದೆಯ ಮೇಲೆ ಅರ್ಧ, ಅಂಗಳದ ಮೇಲೆ ಅರ್ಧ. ಹಿಂದಿನ ಸಲ ಕರುವಿಗೆ ತೊಕ್ತೊ ಅಂದದ್ದಕ್ಕೆ ಸಂಜೆಗೇ ಕಾಲು ಮುರಿದಿತ್ತು. ಈ ಸಲ ಹೆಸರನ್ನೇ ಊರಿಗೆಲ್ಲ ಕೇಳುವಂತೆ ಕೂಗಿದ್ದಾಳೆ. ಅವನು ಏಣಿಯ ಹತ್ತಿರ ಹೋದರೆ ಇವಳ ಉಸಿರು ನಿಲ್ಲುತ್ತಿತ್ತು. ಬಸ್ಸಿನ ಹಿಂದೆ ದಾಟಿದರೆ ಎದ್ದು ನಿಲ್ಲುತ್ತಿದ್ದಳು. ಮಂಜುಗಡ್ಡೆಯ ಮೇಲೆ ಅವನ ಕುಂಟುಗಾಲು ಒಮ್ಮೆ ಜಾರಿದಾಗ ಮೇಜಿನ ಅಂಚನ್ನು ಉಗುರು ಮುರಿಯುವಂತೆ ಹಿಡಿದಳು. ಕೆಲಸ ಬಿಟ್ಟಾಗ ಅವನ ಹಿಂದೆಯೇ ಹೊರಟಳು.

"ಇವತ್ತು ನಮ್ಮನೆಗೆ ಬನ್ನಿ ಬೈಕೆ. ಎನೆ ನಿಮ್ಮನ್ನ ನೋಡಿ ದಿನಗಳಾಯ್ತು."

"ಮೊನ್ನೆ ತಾನೆ ಬಂದಿದ್ದೆ."

"ಬನ್ನಿ ಅಂದೆ."

ಅವನು ಅವಳ ಜೊತೆಗೇ ಬಂದ.

ಮುದುಕಿ ಒಲೆಯ ಪಕ್ಕದ ಹಾಸಿನ ಮೇಲೆ ಕುಳಿತಿದ್ದರು. ಮಗ ಬಂದು ಕೂತ, ರೊಟ್ಟಿ ಮುರಿದ. ಸೊಸೆ ಚಹಾ ಬಗ್ಗಿಸಿದಳು. ಚಹಾ ಬಟ್ಟಲಿಗಿಂತ ಹೆಚ್ಚು ಮೇಜುವಸ್ತ್ರಕ್ಕೆ ಬಿತ್ತು. ಮುದುಕಿ ಅದನ್ನು ನೋಡಿದರು, ಅವಳ ಕೈ ನೋಡಿದರು, ಆಮೇಲೆ ಮುಖ ನೋಡಿದರು. ಮೂವತ್ತು ವರ್ಷದ ಹಿಂದಿನ ಅದೇ ನೋಟ. ಸಾಲ್ಕಿನ್ ಕೆಟಲ್ ಕೆಳಗಿಟ್ಟಳು.

"ಹೇಳ್ಬಿಟ್ಟೆ, ಎನೆ."

"ಕೆಲಿನ್!" ಅಂತ ತೊಕ್ತೊಸುನ್ ಗದರಿದ.

"ನೀನು ಸುಮ್ಮನಿರು," ಅಂದರು ಮುದುಕಿ. "ಏನೇ ಹೇಳ್ದೆ?"

"ಇವ್ರ ಹೆಸರು. ಬಾಯ್ತುಂಬ ಕೂಗ್ಬಿಟ್ಟೆ. ಕೈ ಕರೆಂಟಿಗೆ ಹೋಗ್ತಿತ್ತು, ಬೈಕೆ ಅಂದ್ರೆ ತಿರುಗ್ಲಿಲ್ಲ, ನಾನೇನ್ ಮಾಡ್ಲಿ?" ಅವಳಿಗೆ ಅಳು ಒತ್ತಿ ಬಂತು. "ಇವ್ರಿಗೇನಾದ್ರೂ ಆದ್ರೆ ನನ್ನಿಂದ್ಲೇ, ಎನೆ. ಹೋದ್ಸಲಾನೂ ನನ್ನಿಂದ್ಲೇ."

ಮುದುಕಿ ಒಲೆಗೆ ಒಂದು ಹಿಡಿ ಕಲ್ಲಿದ್ದಲು ಹಾಕಿದರು. ಮಗ ತಲೆ ತಗ್ಗಿಸಿ ರೊಟ್ಟಿಯ ಚೂರುಗಳನ್ನು ಒಟ್ಟು ಮಾಡುತ್ತಿದ್ದ.

"ಕೂಗಿದಾಗ ನಿಂತ್ನಾ?" ಅಂತ ಕೇಳಿದರು.

"ನಿಂತ್ರು."

"ಮತ್ತೆ? ಮೂರನ್ನ ಮಣ್ಣಿಗೆ ಕೊಟ್ಟು ನಾಲ್ಕನೇದಕ್ಕೆ ಆ ಹೆಸರು ಇಟ್ಟಿದ್ದು ಯಾಕೆ ಅಂದ್ಕೊಂಡಿದ್ದೀಯೆ? ಯಾವತ್ತೋ ಒಂದಿನ, ಯಾರಾದ್ರೂ ಕರೆದ್ರೆ, ನಿಲ್ಲಲಿ ಅಂತ ತಾನೆ."

ಮುದುಕಿ ಕೈ ಚಾಚಿ ಸೊಸೆಯ ಕೈಯನ್ನು ಹಿಡಿದುಕೊಂಡರು.

"ನಾಳೆಯಿಂದ ಕರೆಂಟಿಗೆ ತೊಕ್ ಅನ್ನು, ನಾನು ಬೇಡ ಅನ್ನಲ್ಲ. ಹೆಸರು ಮಾತ್ರ ಸವೆಸ್ಬೇಡ, ಕೆಲಿನ್. ಬಾಯಲ್ಲೇ ಇಟ್ಕೊಂಡಿರು. ಮತ್ತೆ ಬೇಕಾಗುತ್ತೆ."